ಕೌನ್ಸೆಲರ್ ಮಾತೇ ಕೇಳಿಸ್ಕೊಳಲ್ಲ ಅನ್ಸಿದ್ರೆ ಏನ್ ಮಾಡೋದು?

ಪ್ರಶ್ನೆ: ತಂಗಿ ಆಂಗ್ಸೈಟಿಗೆ ಥೆರಪಿಗೆ ಹೋಗ್ತಿದಾಳೆ, ಆ ಮೇಡಂ ಚೆನ್ನಾಗಿ ಓದ್ಕೊಂಡಿರೋರೇ ಆದ್ರೆ ಇವಳು ಮಾತಾಡ್ತಿದ್ರೆ ಲ್ಯಾಪ್‌ಟಾಪಲ್ಲಿ ಟೈಪ್ ಮಾಡ್ತಾನೇ ಇರ್ತಾರಂತೆ, ಈಗ ಹೋಗೋಕೇ ಮನಸ್ಸಿಲ್ಲ ಅಂತಾಳೆ. ಬೇರೆಯವ್ರನ್ನ ನೋಡ್ಲಾ?

ಉತ್ತರ 1: ಇದು ಸಣ್ಣ ವಿಷಯ ಅಲ್ಲ ರೀ. ಕಾರ್ಲ್ ರೋಜರ್ಸ್ ಅನ್ನೋ ಅಮೆರಿಕದ ಮನಶ್ಶಾಸ್ತ್ರಜ್ಞ 1957ರಲ್ಲೇ ಬರೆದಿದ್ರು, ಥೆರಪಿಸ್ಟ್ ನಮ್ಮನ್ನ ಅರ್ಥ ಮಾಡ್ಕೊಳ್ಳೋದು, ತೀರ್ಪು ಕೊಡದೆ ಒಪ್ಕೊಳ್ಳೋದು, ನಾಟಕ ಇಲ್ದೆ ಇರೋದು ಇವೇ ಬದಲಾವಣೆಗೆ ಬೇಕಾಗಿರೋದು ಅಂತ. ಇಬ್ಬರ ನಡುವೆ ನಂಟು ಗಟ್ಟಿ ಇದ್ರೆ ಮಧ್ಯದಲ್ಲಿ ಬಿಡೋರು ಕಮ್ಮಿ ಅಂತ ಆಮೇಲಿನ ಸಂಶೋಧನೆಲೂ ಕಂಡಿದೆ.

ಉತ್ತರ 2: ಬಿಡೋ ಮುಂಚೆ ನೇರವಾಗಿ ಹೇಳ್ಲಿ, 'ಮೇಡಂ ನೀವು ಟೈಪ್ ಮಾಡ್ತಿದ್ರೆ ನಂಗೆ ಮಾತೇ ಹೊರಡಲ್ಲ' ಅಂತ. ಒಳ್ಳೆ ಥೆರಪಿಸ್ಟ್ ಬೇಜಾರಾಗಲ್ಲ, ಅದನ್ನೇ ಸೆಷನ್‌ನಲ್ಲಿ ಮಾತಾಡ್ತಾರೆ.

ಉತ್ತರ 3: ಆಮೇಲೂ ಹಾಗೇ ಇದ್ರೆ ಬದಲಾಯಿಸಿ, ಥೆರಪಿನೇ ನಿಲ್ಲಿಸ್ಬೇಡಿ ಪ್ಲೀಸ್. ಅಲ್ಲೀವರೆಗೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡ್ಬಹುದು.