ಎರಡು ಸೀಸದ ಗುಂಡು ಸಿಕ್ಕಿವೆ, ಲೆಕ್ಕ ಮಾತ್ರ ಕೂಡ್ತಾ ಇಲ್ಲ

ಮಣ್ಣುಹುಳ
ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಲೋಹ ಹುಡುಕುವ ಡಿಟೆಕ್ಟರ್‌ನಲ್ಲಿ ಎರಡು ಗುಂಡು ಸಿಕ್ಕವು, ಒಂದೇ ಜಾಗ, ಒಂದು ಗೇಣು ಆಳ. ಮೇಲೆ ಬೂದು ಬಿಳುಪು. ಕ್ಯಾಲಿಪರ್‌ನಲ್ಲಿ 17.4 ಮಿಲಿಮೀಟರ್ ಬಂತು. ಬ್ರೌನ್ ಬೆಸ್ ಮಸ್ಕೆಟ್ಟಿನ, ಅಂದರೆ ಹಳೆಯ ಬ್ರಿಟಿಷ್ ಸೈನಿಕರ ಕೋವಿಯ ಗುಂಡು ಅಂತ ಖುಷಿಯಾಗಿದ್ದೆ. ತೂಕ ಹಾಕಿದರೆ 22 ಗ್ರಾಂ! ಸೀಸ ಇಷ್ಟು ಹಗುರ ಇರುತ್ತಾ? ಯಾವ ಕೋವಿಯದು ಅಂತ ಯಾರಾದರೂ ಹೇಳಿ. ಫೋಟೋ ಕೇಳಬೇಡಿ, ಫೋನ್ ಕ್ಯಾಮೆರಾ ಸರಿಯಿಲ್ಲ.

ತುಕ್ಕುರಾಯ
ಯಂತ್ರದ ಬೇರಿಂಗ್‌ನ ಉಕ್ಕಿನ ಗುಂಡು. ಮುಗೀತು.

ತುಕ್ಕುರಾಯ
ಸುಮ್ನೆ ಹೇಳ್ತಿಲ್ಲ, ಲೆಕ್ಕ ನೋಡಿ. ವ್ಯಾಸವನ್ನು ಸೆಂಟಿಮೀಟರಿನಲ್ಲಿ ಮೂರು ಸಲ ಬರೆದು ಒಂದಕ್ಕೊಂದು ಗುಣಿಸಿ, ಬಂದದ್ದನ್ನು 0.5236ರಿಂದ ಗುಣಿಸಿ. 1.74ಕ್ಕೆ ಸುಮಾರು 2.76 ಘನ ಸೆಂಟಿಮೀಟರ್ ಬರುತ್ತದೆ. ಸೀಸ ಆದರೆ ಅದನ್ನು ಸೀಸದ ಸಾಂದ್ರತೆ 11.34ರಿಂದ ಗುಣಿಸಬೇಕು, 31 ಗ್ರಾಂ ದಾಟುತ್ತದೆ. ಉಕ್ಕು ಆದರೆ 7.8, ಅಂದರೆ 21.5. ನಿಮ್ಮ 22 ಎಲ್ಲಿ ಕೂರುತ್ತದೆ ಅಂತ ನೀವೇ ನೋಡಿಕೊಳ್ಳಿ.

ಅಚ್ಚುಗಾರ
ಲೆಕ್ಕ ಸರಿ. ಆದರೆ ಉಕ್ಕಿನ ಮೇಲೆ ಬೂದು ಬಿಳುಪು ಹೇಗೆ ಬಂತು? ನೆಲದಲ್ಲಿದ್ದ ಉಕ್ಕು ಕೆಂಪಗೆ ತುಕ್ಕು ಹಿಡಿಯುತ್ತದೆ. ಬಿಳಿ ಪದರ ಸೀಸದ ಲಕ್ಷಣ. ಅಯಸ್ಕಾಂತ ಹಿಡಿದು ನೋಡಿದ್ದೀರಾ?

ಮಣ್ಣುಹುಳ
ಅದನ್ನೂ ಹೇಳಬೇಕಾ? ಮೊದಲ ದಿನವೇ ನೋಡಿದೆ. ಎರಡೂ ಅಂಟಲಿಲ್ಲ.

ತುಕ್ಕುರಾಯ
ಸ್ಟೇನ್‌ಲೆಸ್ ಉಕ್ಕಿನಲ್ಲಿ ಅಂಟದೇ ಇರುವ ಜಾತಿಯೂ ಇದೆ. ತುಕ್ಕೂ ಹಿಡಿಯಲ್ಲ. ಅಚ್ಚುಗಾರರ ಪ್ರಶ್ನೆಗೂ ಉತ್ತರ ಸಿಕ್ಕಿತು ಅಲ್ವಾ.

ಅಚ್ಚುಗಾರ
ಹಾಗಾದರೆ ಬಿಳುಪು ಎಲ್ಲಿಂದ ಬಂತು ಮಾರಾಯ್ರೇ? ಮಣ್ಣುಹುಳ, ಚಾಕುವಿನ ತುದಿಯಲ್ಲಿ ಒಂದು ಚಿಕ್ಕ ಗೆರೆ ಎಳೆಯಿರಿ. ಕಾಣದ ಕಡೆ ಎಳೆಯಿರಿ, ನಡುವೆ ಬೇಡ. ಸೀಸ ಆದರೆ ಬೆಣ್ಣೆ ಹಾಗೆ ಕೊರೆಯುತ್ತದೆ, ಒಳಗೆ ಬೆಳ್ಳಗೆ ಹೊಳೆಯುತ್ತದೆ. ಹಾಗೆಯೇ ಗುಂಡಿನ ಸುತ್ತ ಸಣ್ಣ ಗೆರೆ ಇದೆಯಾ, ಒಂದು ಕಡೆ ಚಪ್ಪಟೆಯಾಗಿ ಕತ್ತರಿಸಿದ ಗುರುತು ಇದೆಯಾ ನೋಡಿ. ಗೆರೆ ಅಂದರೆ ಅಚ್ಚಿನ ಎರಡು ಹೋಳು ಕೂಡಿದ ಜಾಗ. ಚಪ್ಪಟೆ ಗುರುತು ಅಂದರೆ ಕರಗಿದ ಸೀಸ ಹೊಯ್ದ ಬಾಯಿ. ಬೇರಿಂಗ್‌ಗೆ ಇವೆರಡೂ ಇರಲ್ಲ.

ಮಣ್ಣುಹುಳ
ಗೆರೆ ಇದೆ! ಮೊದಲು ಕಾಣ್ತಿರಲಿಲ್ಲ, ವಿನೆಗರ್‌ನಲ್ಲಿ ರಾತ್ರಿಯಿಡೀ ನೆನೆಸಿದ ಮೇಲೆ ಚೆನ್ನಾಗಿ ಕಾಣ್ತಿದೆ. ಚಾಕು ಸಲೀಸಾಗಿ ಇಳಿಯಿತು.

ಗಾಳದಪ್ಪ
ಅಯ್ಯೋ ವಿನೆಗರ್ ಹಾಕಿದ್ರಾ!!

ಅಚ್ಚುಗಾರ
ಹೋಯ್ತು. ಆ ಬಿಳಿ ಪದರವೇ ಸೀಸವನ್ನು ಕಾಯುತ್ತಿತ್ತು. ವಿನೆಗರ್ ಅದನ್ನು ತಿಂದು ಒಳಗಿನ ಸೀಸವನ್ನೂ ತಿನ್ನುತ್ತದೆ. ಆ ನೀರು ವಿಷ, ಊಟದ ಪಾತ್ರೆ ಹತ್ತಿರವೂ ತರಬೇಡಿ, ಕೈ ತೊಳೆಯಿರಿ. ಮುಂದಿನ ಸಲ ಬರೀ ನೀರು, ಮೆತ್ತನೆ ಬ್ರಷ್.

ತುಕ್ಕುರಾಯ
ಒಂದು ರಾತ್ರಿಗೆ ಏನೂ ಆಗಲ್ಲ. ನಾನು ಎಷ್ಟೋ ಸಲ ಹಾಕಿದ್ದೇನೆ.

ಅಚ್ಚುಗಾರ
ನೀವು ಹಾಕಿದ್ದು ಬೇರಿಂಗ್ ಗುಂಡುಗಳಿಗೆ ಇರಬೇಕು.

ತುಕ್ಕುರಾಯ
ವ್ಯಂಗ್ಯ ಬೇಡ. 22 ಗ್ರಾಂಗೆ ಉತ್ತರ ಕೊಡಿ ಮೊದಲು. ಸೀಸ ಅಂತಾದರೆ ಉಳಿದ 9 ಗ್ರಾಂ ಎಲ್ಲಿಗೆ ಹೋಯಿತು? ವಿನೆಗರ್ ಕುಡಿಯಿತಾ?

ಗಾಳದಪ್ಪ
ಗಾಳಕ್ಕೆ ಕಟ್ಟುವ ಗುಂಡು ಇರಬಹುದಾ? ಮಧ್ಯೆ ತೂತು ಇದ್ದರೆ ತೂಕ ಕಡಿಮೆಯಾಗುತ್ತದೆ.

ಮಣ್ಣುಹುಳ
ತೂತು ಇಲ್ಲ ಸಾರ್. ತೂತು ಇದ್ದಿದ್ದರೆ ನನಗೆ ಕಾಣಿಸ್ತಿರಲಿಲ್ವಾ.

ಕಾಯಿಲ್‌ಮನೆ
ಡಿಟೆಕ್ಟರ್ ಯಾವುದು? ಪರದೆಯಲ್ಲಿ ಲೋಹದ ನಂಬರ್ ಎಷ್ಟು ತೋರಿಸಿತು? ನಾನು ನನ್ನ ಡಿಟೆಕ್ಟರ್ ಈಕ್ವಿನಾಕ್ಸ್ 800ಗೆ 6 ಇಂಚಿನ ಚಿಕ್ಕ ಕಾಯಿಲ್ (ನೆಲದ ಮೇಲೆ ಆಡಿಸುವ ತಟ್ಟೆ) ಹಾಕಿದ್ದೇನೆ. ಕಸದ ಮಧ್ಯೆ ಗುಂಡು ಬೇರ್ಪಡಿಸೋಕೆ ಅದರಷ್ಟು ಚೆಂದ ಯಾವುದೂ ಇಲ್ಲ. ಹೋದ ವಾರ ಒಂದೇ ತಾಸಿನಲ್ಲಿ ಒಂಬತ್ತು ಸಿಕ್ಕವು.

ತುಕ್ಕುರಾಯ
ಡಬ್ಬಿ ಮುಚ್ಚಳದ ಕಿವಿಗೂ ಸೀಸದ ಗುಂಡಿಗೂ ಹೆಚ್ಚುಕಡಿಮೆ ಒಂದೇ ನಂಬರ್ ಬರುತ್ತದೆ, ಅದರಿಂದ ಏನು ಗೊತ್ತಾಗುತ್ತದೆ.

ಕಾಯಿಲ್‌ಮನೆ
ನಿಮ್ಮ ಕಿವಿಗೆ ಅಭ್ಯಾಸ ಇಲ್ಲ ಅಂದ್ರೆ ಯಂತ್ರ ಏನ್ ಮಾಡುತ್ತೆ. ಒಳ್ಳೆ ಹೆಡ್‌ಫೋನ್ ಹಾಕಿ ಕೇಳಿ.

ಅಚ್ಚುಗಾರ
ಕಾಯಿಲ್ ಜಗಳ ಬೇರೆ ಕಡೆ ಮಾಡಿ. ಮಣ್ಣುಹುಳ, ಒಂದು ಪ್ರಶ್ನೆ. ಅಳತೆ ತೆಗೆದ ಗುಂಡು, ತೂಕ ಹಾಕಿದ ಗುಂಡು, ಎರಡೂ ಒಂದೇನಾ?

ಮಣ್ಣುಹುಳ
ಎರಡೂ ನೋಡೋಕೆ ಒಂದೇ ಥರ ಇದ್ದವು, ಹಾಗಾಗಿ ಒಂದನ್ನು ಅಳೆದು ಇನ್ನೊಂದನ್ನು ತೂಗಿದೆ. ಯಾಕೆ?

ಅಚ್ಚುಗಾರ
ಯಾಕೆ ಅಂತೆ! ಇಲ್ಲಿ ನಾವೆಲ್ಲ ಬೆವರು ಸುರಿಸ್ತಾ ಇದ್ದೀವಿ, ನೀವು ಈಗ ಹೇಳ್ತೀರಿ. ಹೋಗಿ, ಎರಡನ್ನೂ ಅಳೆದು ಎರಡನ್ನೂ ತೂಗಿ ಬರೆಯಿರಿ.

ಮಣ್ಣುಹುಳ
ಕ್ಷಮಿಸಿ. ದೊಡ್ಡದು 17.4 ಮಿಲಿಮೀಟರ್, 31 ಗ್ರಾಂ. ಚಿಕ್ಕದು 15.5 ಮಿಲಿಮೀಟರ್, 22 ಗ್ರಾಂ. ಹತ್ತಿರ ಇಟ್ಟರೆ ವ್ಯತ್ಯಾಸ ಕಾಣುತ್ತದೆ, ಇಷ್ಟು ದಿನ ಜೋಡಿಸಿ ನೋಡಿರಲೇ ಇಲ್ಲ.

ಅಚ್ಚುಗಾರ
ಈಗ ಲೆಕ್ಕ ಕೂಡಿತು. ದೊಡ್ಡದು ನೀವು ಅಂದುಕೊಂಡ ಹಾಗೆ ಬ್ರೌನ್ ಬೆಸ್ ಅಳತೆಯದೇ. ಆ ಕೋವಿಯ ನಳಿಗೆ ಸುಮಾರು 19 ಮಿಲಿಮೀಟರ್. ಗುಂಡು ಅದಕ್ಕಿಂತ ಚಿಕ್ಕದು, ಮದ್ದಿನ ಮಸಿ ಕಟ್ಟಿದರೂ ಬೇಗ ಇಳಿಯಲಿ ಅಂತ. ಒಂದು ಪೌಂಡ್ ಸೀಸಕ್ಕೆ ಹದಿನಾಲ್ಕೂವರೆ ಗುಂಡು ಅಂತ ಹಳೆಯ ಲೆಕ್ಕ. 453.6 ಗ್ರಾಂ ಭಾಗಿಸಿ ನೋಡಿ, 31.3 ಬರುತ್ತದೆ. ಚಿಕ್ಕದು ಕಾರ್ಬೈನ್ ಅಂದರೆ ಗಿಡ್ಡ ಕೋವಿಯ ಅಳತೆಗೆ ಹತ್ತಿರ ಇದೆ, ಪೌಂಡಿಗೆ 20ರ ಆಸುಪಾಸು. ಆದರೆ ಬರೀ ಅಳತೆ ನೋಡಿ ಇಂಥದೇ ಕೋವಿ ಅಂತ ಆಣೆ ಹಾಕಬೇಡಿ, ಬೇಟೆ ಬಂದೂಕಿಗೂ ಇಂಥ ಗುಂಡು ಹೊಯ್ಯುತ್ತಿದ್ದರು. ಎರಡೂ ಚಪ್ಪಟೆಯಾಗಿಲ್ಲ ಅಂದರೆ ಹಾರಿಸಿಲ್ಲದೇ ಬಿದ್ದಿರಬಹುದು.

ತುಕ್ಕುರಾಯ
ನನ್ನ ಲೆಕ್ಕ ಸರಿಯೇ ಇತ್ತು. ಕೊಟ್ಟ ಅಂಕಿ ತಪ್ಪು.

ಗಾಳದಪ್ಪ
ಚಿಕ್ಕದರ ಮೇಲೆ ಹಲ್ಲಿನ ಗುರುತು ಇದೆಯಾ? ಹಂದಿಗಳು ಹಳೆಯ ಗುಂಡು ಅಗಿದು ಬಿಡುತ್ತವಂತೆ.

ಮಣ್ಣುಹುಳ
ಹಲ್ಲಿನ ಗುರುತಾ? ತಡೀರಿ, ಮಸೂರ ಹುಡುಕ್ತೀನಿ.

ಕಾಯಿಲ್‌ಮನೆ
ಅಂದ ಹಾಗೆ ನನ್ನ ಒಂಬತ್ತರಲ್ಲಿ ನಾಲ್ಕಕ್ಕೆ ಅಚ್ಚಿನ ಗೆರೆ ಇಲ್ಲ. ಒತ್ತಿ ಮಾಡಿದ ಹೊಸ ಗುಂಡು ಇರಬಹುದಾ ಅಂತ ಈಗ ಅನುಮಾನ ಬಂತು, ಯಾರಾದರೂ ಹೇಳ್ತೀರಾ?