ಚಿನ್ನ ಕೊಂಡರೆ ರೂಪಾಯಿ ಬೀಳುತ್ತಾ? ಅರ್ಥಶಾಸ್ತ್ರದ ಮೇಡಂ ಜೊತೆ ಪ್ರಶ್ನೋತ್ತರ

ಅಡ್ಮಿನ್: ಈ ವಾರ ನಮ್ಮ ಗುಂಪಿನಲ್ಲಿ ಉತ್ತರ ಕೊಡುತ್ತಿರುವವರು ಕಾಲೇಜಿನಲ್ಲಿ ಬಹಳ ಕಾಲ ಅರ್ಥಶಾಸ್ತ್ರ ಕಲಿಸಿದ ಮೇಡಂ. ವಿಷಯ ಚಿನ್ನ. ಸರ್ಕಾರದ ನೀತಿಯನ್ನೂ ಕೇಳಬಹುದು, ಹಳೆಯ ಕಥೆಯನ್ನೂ ಕೇಳಬಹುದು. "ನಾಳೆ ರೇಟು ಎಷ್ಟಾಗುತ್ತೆ" ಅಂತ ಮಾತ್ರ ಕೇಳಬೇಡಿ ಎಂದು ಅವರು ಮೊದಲೇ ಹೇಳಿದ್ದಾರೆ.

ಪ್ರಶ್ನೆ (ಹಾಸನದ ಶಿಕ್ಷಕಿ): ಮೇಡಂ ನಮಸ್ಕಾರ. ಮಗಳ ಮದುವೆ ಹತ್ತಿರ ಬರ್ತಿದೆ. ಹತ್ತು ಗ್ರಾಂ ಚಿನ್ನ 2025ರ ಏಪ್ರಿಲ್‌ನಲ್ಲೇ ಒಂದು ಲಕ್ಷ ದಾಟಿತು. ಟಿವಿ ಹಾಕಿದರೆ, ಜನ ಚಿನ್ನ ಕೊಳ್ಳೋದರಿಂದಲೇ ರೂಪಾಯಿ ಬೀಳ್ತಿದೆ ಅಂತ ಬೈತಾರೆ. ನಾವು ಒಂದು ಸರ, ನಾಲ್ಕು ಬಳೆ ಮಾಡಿಸಿದರೆ ದೇಶಕ್ಕೆ ನಷ್ಟವಾ?

ಉತ್ತರ: ನಮಸ್ಕಾರ. ಮದುವೆ ಚೆನ್ನಾಗಿ ಆಗಲಿ. ಟಿವಿಯವರು ಹೇಳೋದು ಅರ್ಧ ನಿಜ. ಆ ಅರ್ಧವನ್ನು ಮೊದಲು ಹೇಳಿಬಿಡುತ್ತೇನೆ.

ನಮ್ಮ ದೇಶದಲ್ಲಿ ಚಿನ್ನ ಸಿಗೋದು ತೀರಾ ಕಡಿಮೆ. ಕೋಲಾರದ ಗಣಿಯನ್ನೇ ನೋಡಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಕೈ ಹಾಕಿದ್ದರಿಂದ ಹಿಡಿದು 2001ರ ಫೆಬ್ರವರಿಯಲ್ಲಿ ಬಾಗಿಲು ಹಾಕುವವರೆಗೆ ಅಲ್ಲಿ ತೆಗೆದ ಚಿನ್ನ ಒಟ್ಟು ಸುಮಾರು 800 ಟನ್. ಇವತ್ತು ನಾವು ಒಂದೇ ವರ್ಷದಲ್ಲಿ ಹೊರಗಿನಿಂದ ತರಿಸುವುದು 700ರಿಂದ 800 ಟನ್. ಅಂದರೆ ಕೆಜಿಎಫ್‌ನ 120 ವರ್ಷದ ದುಡಿಮೆ ನಮಗೆ ಒಂದು ವರ್ಷಕ್ಕೆ ಸರಿಹೋಗುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿ ಗಣಿಯಲ್ಲಿ ಇನ್ನೂ ತೆಗೆಯುತ್ತಾರೆ, ಆದರೆ ಈ ಬೇಡಿಕೆಯ ಮುಂದೆ ಅದು ಲೆಕ್ಕಕ್ಕೇ ಇಲ್ಲ. ತರಿಸಿದ ಚಿನ್ನಕ್ಕೆಲ್ಲ ಡಾಲರ್ ಕೊಡಬೇಕು. 2024–25ರಲ್ಲಿ ಸುಮಾರು 58 ಬಿಲಿಯನ್ ಡಾಲರ್ ಹೀಗೆ ಹೋಯಿತು. ಡಾಲರ್ ಕೇಳುವವರು ಜಾಸ್ತಿಯಾದರೆ ರೂಪಾಯಿ ಇಳಿಯುತ್ತದೆ. ಕಚ್ಚಾ ತೈಲ ತರಿಸಿದರೆ ಲಾರಿಯಾದರೂ ಓಡುತ್ತದೆ, ಚಿನ್ನ ಬೀರುವಿನಲ್ಲಿ ಕೂರುತ್ತದೆ ಅಂತ ದೆಹಲಿಯವರಿಗೆ ಸಿಟ್ಟು.

ಇನ್ನರ್ಧವನ್ನು ಟಿವಿಯವರು ಹೇಳಲ್ಲ. ಜನ ಯಾಕೆ ಕೊಳ್ತಾರೆ? 2012–13ರ ಲೆಕ್ಕ ತೆಗೆಯಿರಿ. ಆಗ ದಿನಸಿ, ತರಕಾರಿ ಸೇರಿ ಬೆಲೆಗಳು ವರ್ಷಕ್ಕೆ ಹತ್ತಿರ ಹತ್ತಿರ ಶೇ 10ರಷ್ಟು ಏರುತ್ತಿದ್ದವು. ಬ್ಯಾಂಕಿನ ಎಫ್‌ಡಿಗೆ ಸಿಗುತ್ತಿದ್ದ ಬಡ್ಡಿ ಅದಕ್ಕಿಂತ ಕಡಿಮೆ, ಅದರಲ್ಲೂ ತೆರಿಗೆ ಕಟ್ಟಬೇಕು. ನೂರು ರೂಪಾಯಿ ಇಟ್ಟವರ ಪಾಸ್‌ಬುಕ್‌ನಲ್ಲಿ ಅಂಕಿ ದೊಡ್ಡದಾಯಿತು, ಅಂಗಡಿಯಲ್ಲಿ ಅದರ ಬೆಲೆ ಚಿಕ್ಕದಾಯಿತು. ಇದನ್ನು ನೋಡಿದ ಹೆಣ್ಣುಮಕ್ಕಳು ಚಿನ್ನ ಕೊಂಡರು. ಅರ್ಥಶಾಸ್ತ್ರ ಓದಿದವರು ಇದನ್ನು ಚಿನ್ನದ ವ್ಯಾಮೋಹ ಎಂದು ಕರೆದರು. ನನಗೆ ಅದರಲ್ಲಿ ವ್ಯಾಮೋಹ ಕಾಣಲಿಲ್ಲ, ಸರಿಯಾದ ಲೆಕ್ಕ ಕಂಡಿತು. ಬೆಲೆ ಏರಿಕೆ ಹಿಡಿಯಲಾಗದೆ ಒಡವೆ ಕೊಳ್ಳುವವರನ್ನು ಬೈಯುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗೆ.

ನಿಮ್ಮ ಸರ, ಬಳೆಯಿಂದ ರೂಪಾಯಿ ಬೀಳಲ್ಲ. ಧೈರ್ಯವಾಗಿ ಮಾಡಿಸಿ.

ಪ್ರಶ್ನೆ (ಹುಬ್ಬಳ್ಳಿ, ಪತ್ತಾರ ಮನೆತನದವರು): ಮೇಡಂ, ನಮ್ಮ ಅಜ್ಜ ಬಂಗಾರದ ಕೆಲಸ ಬಿಟ್ಟು ಕಿರಾಣಿ ಅಂಗಡಿಯಲ್ಲಿ ಲೆಕ್ಕ ಬರೆಯೋಕೆ ಹೋದರಂತೆ. ಕೇಳಿದರೆ "ಮೊರಾರ್ಜಿ ಕಾಯ್ದೆ ಬಂತು" ಅಂತಿದ್ದರು, ಅಷ್ಟೇ. ಏನದು?

ಉತ್ತರ: ಇದನ್ನು ಕೇಳಿದ್ದು ಒಳ್ಳೆಯದಾಯಿತು. ಈಗಿನ ಪಠ್ಯದಲ್ಲಿ ಇದು ಒಂದು ಸಾಲೂ ಇರಲ್ಲ.

ಚೀನಾ ಯುದ್ಧ ಮುಗಿದದ್ದು 1962ರ ನವೆಂಬರ್‌ನಲ್ಲಿ. ಸರ್ಕಾರದ ಹತ್ತಿರ ವಿದೇಶಿ ಹಣ ಇರಲಿಲ್ಲ. ಚಿನ್ನದ ಆಮದಿಗೆ ಸ್ವಾತಂತ್ರ್ಯ ಬಂದಾಗಿನಿಂದಲೇ ತಡೆ ಇತ್ತು. ಹಾಗಾಗಿ ಒಳಗಿನ ಬೆಲೆಗೂ ಹೊರಗಿನ ಬೆಲೆಗೂ ಸಂಬಂಧವೇ ಇರಲಿಲ್ಲ. ಹೊರಗೆ ಒಂದು ಔನ್ಸಿಗೆ, ಅಂದರೆ 31 ಗ್ರಾಂ ಚಿಲ್ಲರೆಗೆ, 35 ಡಾಲರ್. ಆಗಿನ ಡಾಲರ್ ದರ 4 ರೂಪಾಯಿ 76 ಪೈಸೆ. ಲೆಕ್ಕ ಹಾಕಿದರೆ ಹತ್ತು ಗ್ರಾಂಗೆ 54 ರೂಪಾಯಿಯೂ ಆಗಲ್ಲ. ಬೊಂಬಾಯಿಯಲ್ಲಿ ಅದರ ಎರಡು ಪಟ್ಟು. ಇಷ್ಟು ಲಾಭ ಇದ್ದಮೇಲೆ ಕಳ್ಳಸಾಗಣೆ ನಡೆಯದೆ ಇರುತ್ತಾ? ಅರಬ್ ಕಡೆಯಿಂದ ದೋಣಿಗಳಲ್ಲಿ ಹತ್ತು ತೊಲದ ಬಿಸ್ಕತ್ತು ಪಶ್ಚಿಮ ಕರಾವಳಿಗೆ ಬಂದು ಬೀಳುತ್ತಿತ್ತು. ಒಂದೊಂದು 116 ಗ್ರಾಂ ಚಿಲ್ಲರೆ ತೂಕ, ಜೇಬಿಗೆ ಹಿಡಿಸುವ ಅಳತೆ.

ಇದನ್ನು ನಿಲ್ಲಿಸೋಕೆ ಹಣಕಾಸು ಮಂತ್ರಿ ಮೊರಾರ್ಜಿ ದೇಸಾಯಿ 1963ರ ಜನವರಿಯಲ್ಲಿ ಚಿನ್ನ ನಿಯಂತ್ರಣದ ನಿಯಮ ತಂದರು. ಹೊಸ ಒಡವೆ 14 ಕ್ಯಾರೆಟ್ ದಾಟಬಾರದು. ಅಂದರೆ ನೂರು ಪಾಲಿನಲ್ಲಿ 58 ಪಾಲು ಮಾತ್ರ ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ. ಅವರ ಯೋಚನೆ ಏನೆಂದರೆ, ಒಡವೆಯಲ್ಲಿ ಚಿನ್ನ ಕಡಿಮೆಯಾದರೆ ಆಸೆಯೂ ಕಡಿಮೆಯಾಗುತ್ತದೆ ಅಂತ.

ನಿಮ್ಮ ಮನೆಯವರಿಗೆ ಗೊತ್ತಿರುತ್ತದೆ, 14 ಕ್ಯಾರೆಟ್ ಲೋಹ ಗಟ್ಟಿ. 22 ಕ್ಯಾರೆಟ್ ಬಗ್ಗಿದ ಹಾಗೆ ಬಗ್ಗಲ್ಲ, ಎಳೆದ ಹಾಗೆ ತಂತಿ ಬರಲ್ಲ, ಬಣ್ಣವೂ ಬೇರೆ. ಗಿರಾಕಿಗೆ ಅದು ಬಂಗಾರ ಅನ್ನಿಸಲೇ ಇಲ್ಲ. ಹಳೆಯ ಒಡವೆ ಬೀರುವಿನೊಳಗೆ ಹೋಯಿತು, ಹೊಸದಕ್ಕೆ ಯಾರೂ ಬರಲಿಲ್ಲ. ಕುಲುಮೆಗಳು ಆರಿದವು. ದೇಶದಲ್ಲಿ ಲಕ್ಷಾಂತರ ಅಕ್ಕಸಾಲಿಗರ ಕೆಲಸ ಹೋಯಿತು. ಹಲವರು ಆತ್ಮಹತ್ಯೆ ಮಾಡಿಕೊಂಡರು, ಸಂಸತ್ತಿನಲ್ಲಿ ಗಲಾಟೆಯಾಯಿತು. 14 ಕ್ಯಾರೆಟ್‌ನ ಮಿತಿ 1966ರಲ್ಲಿ ಹೋಯಿತು, ಆದರೆ ನಿಯಂತ್ರಣ ಹೋಗಲಿಲ್ಲ. 1968ರ ಕಾಯ್ದೆ ಬಂದಮೇಲೆ ಸಾಮಾನ್ಯ ಜನ ಚಿನ್ನದ ಗಟ್ಟಿ, ನಾಣ್ಯ ಇಟ್ಟುಕೊಳ್ಳುವುದೇ ಅಪರಾಧ. ಸರ್ಟಿಫಿಕೇಟ್ ಇರುವ ಅಕ್ಕಸಾಲಿಗನ ಹತ್ತಿರವೂ ಗಟ್ಟಿ ಚಿನ್ನ 100 ಗ್ರಾಂ ಮೀರುವಂತಿರಲಿಲ್ಲ. ಈ ಕಾಯ್ದೆ ರದ್ದಾಗಿದ್ದು 1990ರಲ್ಲಿ. ಅಷ್ಟೂ ವರ್ಷ ಕಳ್ಳಸಾಗಣೆ ಒಂದು ದಿನವೂ ನಿಲ್ಲಲಿಲ್ಲ.

ಕೆಟ್ಟ ಉದ್ದೇಶದ ನೀತಿ ಇದಾಗಿರಲಿಲ್ಲ. ಡಾಲರ್ ಕೊರತೆ ನಿಜವಾಗಿಯೂ ಇತ್ತು. ಆದರೆ ಅದರ ಭಾರ ಹೊತ್ತವನು ದೋಣಿಯವನಲ್ಲ, ನಿಮ್ಮ ಅಜ್ಜ.

ಪ್ರಶ್ನೆ (ಬೆಂಗಳೂರು, ಐಟಿ): ವಾಟ್ಸಾಪ್‌ನಲ್ಲಿ ಒಂದು ಫಾರ್ವರ್ಡ್ ಓಡಾಡ್ತಿದೆ. 1991ರಲ್ಲಿ ದೇಶದ ಮಾನವನ್ನೇ ಅಡ ಇಟ್ಟರು, ಕದ್ದು ವಿಮಾನದಲ್ಲಿ ಚಿನ್ನ ಸಾಗಿಸಿದರು ಅಂತ. ಎಷ್ಟು ನಿಜ?

ಉತ್ತರ: ಅಡ ಇಟ್ಟಿದ್ದು ನಿಜ. ಗುಟ್ಟಾಗಿ ಮಾಡಿದ್ದೂ ನಿಜ. ಮಾನದ ಮಾತು ಬಿಡಿ.

ಅದು ಎರಡು ಸಲ ನಡೆಯಿತು, ಫಾರ್ವರ್ಡ್‌ಗಳಲ್ಲಿ ಎರಡೂ ಕಲಸಿಹೋಗಿರುತ್ತದೆ. ಮೊದಲನೆಯದು 1991ರ ಮೇ ತಿಂಗಳಲ್ಲಿ, ಚಂದ್ರಶೇಖರ್ ಉಸ್ತುವಾರಿ ಪ್ರಧಾನಿ, ದೇಶದಲ್ಲಿ ಚುನಾವಣೆ. ಸ್ಟೇಟ್ ಬ್ಯಾಂಕಿನ ಮೂಲಕ 20 ಟನ್ ಚಿನ್ನವನ್ನು ಸ್ವಿಟ್ಜರ್‌ಲೆಂಡ್‌ನ ಬ್ಯಾಂಕಿಗೆ ಮಾರಿದರು, ವಾಪಸ್ ಕೊಳ್ಳುವ ಹಕ್ಕು ಇಟ್ಟುಕೊಂಡು. ಅದರಿಂದ ಸುಮಾರು 200 ಮಿಲಿಯನ್ ಡಾಲರ್ ಬಂತು. ಆ 20 ಟನ್ ಎಲ್ಲಿಯದು ಗೊತ್ತಾ? ಕಳ್ಳಸಾಗಣೆಯವರಿಂದ ವಶಪಡಿಸಿಕೊಂಡದ್ದು! ಹುಬ್ಬಳ್ಳಿಯವರು ಕೇಳಿದ ಕಥೆಯ ಬಾಲ ಇದು.

ಎರಡನೆಯದು ಜುಲೈನಲ್ಲಿ. ಸರ್ಕಾರ ಬದಲಾಗಿತ್ತು, ನರಸಿಂಹ ರಾವ್ ಪ್ರಧಾನಿ, ಮನಮೋಹನ್ ಸಿಂಗ್ ಹಣಕಾಸು ಮಂತ್ರಿ. ರಿಸರ್ವ್ ಬ್ಯಾಂಕ್ ತನ್ನದೇ ಚಿನ್ನ ಸುಮಾರು 47 ಟನ್ ಅನ್ನು ಬ್ಯಾಂಕ್ ಆಫ್ ಇಂಗ್ಲೆಂಡ್‌ಗೆ ಕಳಿಸಿ, ಅಲ್ಲಿಂದ ಮತ್ತು ಬ್ಯಾಂಕ್ ಆಫ್ ಜಪಾನ್‌ನಿಂದ ಸುಮಾರು 405 ಮಿಲಿಯನ್ ಡಾಲರ್ ಸಾಲ ತೆಗೆಯಿತು. ಗಟ್ಟಿಗಳನ್ನು ಹೊತ್ತು ವಿಮಾನ ನಿಲ್ದಾಣಕ್ಕೆ ಹೊರಟ ವ್ಯಾನ್ ಒಂದು ದಾರಿಯಲ್ಲಿ ಕೆಟ್ಟು ನಿಂತಿತ್ತು ಅಂತ ಆಗ ರಿಸರ್ವ್ ಬ್ಯಾಂಕಿನಲ್ಲಿದ್ದ ಸಿ. ರಂಗರಾಜನ್ ನೆನೆಸಿಕೊಂಡಿದ್ದಾರೆ. ಅದೇ ತಿಂಗಳ 1 ಮತ್ತು 3ರಂದು ರೂಪಾಯಿಯ ಬೆಲೆಯನ್ನೂ ಎರಡು ಹಂತದಲ್ಲಿ ಇಳಿಸಿದರು.

ಯಾಕೆ ಇಷ್ಟು ಅವಸರ? 1990ರ ಆಗಸ್ಟ್‌ನಲ್ಲಿ ಇರಾಕ್ ಕುವೈತ್‌ಗೆ ನುಗ್ಗಿತು. ತೈಲ ದುಬಾರಿಯಾಯಿತು, ಕೊಲ್ಲಿಯಲ್ಲಿದ್ದ ನಮ್ಮವರು ಕೆಲಸ ಬಿಟ್ಟು ಓಡಿಬಂದರು, ಅವರು ಕಳಿಸುತ್ತಿದ್ದ ಹಣ ನಿಂತಿತು. ಅನಿವಾಸಿಗಳು ಠೇವಣಿ ವಾಪಸ್ ತೆಗೆದರು. ಬೊಕ್ಕಸದಲ್ಲಿ ಮೂರು ವಾರದ ಆಮದಿಗೆ ಆಗುವಷ್ಟು ಡಾಲರ್ ಉಳಿಯಿತು. ಯುದ್ಧ ಕೊನೆಯ ಏಟು ಮಾತ್ರ. 80ರ ದಶಕದ ಉದ್ದಕ್ಕೂ ಸರ್ಕಾರ ಸಾಲ ಮಾಡಿ ಖರ್ಚು ಮಾಡಿತ್ತು, ಬೇರು ಅಲ್ಲಿದೆ.

ಸಾಲವನ್ನು ಅದೇ ವರ್ಷದ ಕೊನೆಯೊಳಗೆ ತೀರಿಸಿದರು. ಕಷ್ಟಕ್ಕೆ ಒಡವೆ ಅಡ ಇಟ್ಟು, ಬೆಳೆ ಬಂದಾಗ ಬಿಡಿಸಿಕೊಳ್ಳುವ ಮನೆಯವರನ್ನು ನಾವು ಮಾನಗೆಟ್ಟವರು ಅನ್ನಲ್ಲ ಅಲ್ವಾ? ಕಂತು ತಪ್ಪಿಸದೆ ಕಟ್ಟಿದ್ದು ನನಗೆ ಹೆಮ್ಮೆಯ ವಿಷಯವೇ.

ಪ್ರಶ್ನೆ (ದುಬೈ ಕನ್ನಡಿಗರು): ಊರಿಗೆ ಬರುವಾಗ ಪ್ರತಿ ಸಲ ಸುಂಕ ಬೇರೆ ಬೇರೆ ಇರುತ್ತೆ. ಒಮ್ಮೆ 10, ಒಮ್ಮೆ 15, ಇನ್ನೊಮ್ಮೆ 6. ಇದಕ್ಕೆ ತಲೆಬುಡ ಇದೆಯಾ?

ಉತ್ತರ: ತಲೆ ಇದೆ, ಬುಡ ಹುಡುಕಬೇಕು. ಡಾಲರ್ ಕೊರತೆ ಕಂಡಾಗ ಏರಿಸುತ್ತಾರೆ, ಕಳ್ಳಸಾಗಣೆ ಕೈ ಮೀರಿದಾಗ ಇಳಿಸುತ್ತಾರೆ. 2013ರಲ್ಲಿ ಒಂದೇ ವರ್ಷದಲ್ಲಿ 4ರಿಂದ 6, 8, 10 ಶೇಕಡಕ್ಕೆ ಹೋಯಿತು. ಜೊತೆಗೆ ತರಿಸಿದ ಚಿನ್ನದ ಐದನೇ ಒಂದು ಪಾಲನ್ನು ರಫ್ತಿಗೆ ಕೊಡಲೇಬೇಕು ಅನ್ನೋ ನಿಯಮ. ಪುಸ್ತಕದಲ್ಲಿ ಆಮದು ಇಳಿಯಿತು, ವಿಮಾನ ನಿಲ್ದಾಣಗಳಲ್ಲಿ ಹಿಡಿಯುವ ಚಿನ್ನ ಏರಿತು. ಆ ನಿಯಮವನ್ನು 2014ರ ನವೆಂಬರ್‌ನಲ್ಲಿ ಕೈಬಿಟ್ಟರು. 2022ರ ಜುಲೈನಲ್ಲಿ ಸುಂಕ ಒಟ್ಟು ಶೇ 15, 2024ರ ಜುಲೈನಲ್ಲಿ ಶೇ 6. ಇಳಿಸಿದ್ದು ಸರಿ ಅನ್ನೋದು ನನ್ನ ಅಭಿಪ್ರಾಯ. ಶೇ 15 ಅಂದರೆ ಕಳ್ಳದಾರಿಯವನಿಗೆ ಸರ್ಕಾರವೇ ಗೊತ್ತು ಮಾಡಿಕೊಟ್ಟ ಲಾಭ.

ಪ್ರಶ್ನೆ (ಮೈಸೂರು, ನಿವೃತ್ತ ಬ್ಯಾಂಕ್ ನೌಕರರು): ನಿಮ್ಮ ವಾದದಲ್ಲಿ ಒಂದು ತೊಡಕಿದೆ ಮೇಡಂ. ಬೆಲೆ ಏರಿಕೆಯಿಂದ ಜನ ಚಿನ್ನಕ್ಕೆ ಹೋಗ್ತಾರೆ ಅಂದ್ರಿ. 2025ರಲ್ಲಿ ಸಾಮಾನುಗಳ ಬೆಲೆ ಏರಿಕೆ ತುಂಬಾ ಕಡಿಮೆ ಇತ್ತು. ಚಿನ್ನ ಯಾಕೆ ಹಾರಿತು?

ಉತ್ತರ: ಒಳ್ಳೆಯ ಕೊಕ್ಕೆ ಹಾಕಿದ್ರಿ ಸರ್. ನಮ್ಮ ಜನ ಎಷ್ಟು ಚಿನ್ನ ಕೊಳ್ತಾರೆ ಅನ್ನೋದು ಬೇರೆ, ಚಿನ್ನದ ಬೆಲೆ ಎಷ್ಟು ಅನ್ನೋದು ಬೇರೆ. ಬೆಲೆ ನಿಂತಿರೋದು ಹೊರಗಿನ ಮಾರುಕಟ್ಟೆಯ ಮೇಲೆ, ಆಮೇಲೆ ಡಾಲರ್ ದರದ ಮೇಲೆ.

ಹೊರಗೆ ಈ ಸಲ ಕೊಳ್ಳುತ್ತಿರುವವರು ಯಾರು ನೋಡಿ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದಾಗ ಅಮೆರಿಕ, ಯುರೋಪ್ ಸೇರಿ ರಷ್ಯಾದ ಕೇಂದ್ರ ಬ್ಯಾಂಕಿನ ಸುಮಾರು 300 ಬಿಲಿಯನ್ ಡಾಲರ್ ಮೀಸಲನ್ನು ತಡೆಹಿಡಿದವು. ಡಾಲರ್, ಯೂರೋದಲ್ಲಿ ದುಡ್ಡಿಟ್ಟ ಎಲ್ಲ ದೇಶಗಳಿಗೂ ಅದು ಎಚ್ಚರಿಕೆ. 2022, 2023, 2024, ಮೂರೂ ವರ್ಷ ಜಗತ್ತಿನ ಕೇಂದ್ರ ಬ್ಯಾಂಕುಗಳು ತಲಾ ವರ್ಷ 1,000 ಟನ್‌ಗಿಂತ ಜಾಸ್ತಿ ಚಿನ್ನ ಕೊಂಡವು. ನಮ್ಮ ರಿಸರ್ವ್ ಬ್ಯಾಂಕ್ ಕೂಡ. ಅದರ ಹತ್ತಿರ 2025ರ ಮಾರ್ಚ್‌ನಲ್ಲಿ ಸುಮಾರು 880 ಟನ್ ಇತ್ತು, ಇಂಗ್ಲೆಂಡ್‌ನಲ್ಲಿದ್ದ ಒಂದಿಷ್ಟನ್ನು ವಾಪಸ್ ತರಿಸಿಕೊಂಡಿದೆ ಕೂಡ. ಜನಕ್ಕೆ "ಚಿನ್ನ ಸತ್ತ ದುಡ್ಡು" ಅಂತ ಪಾಠ ಹೇಳಿದ ಜಗತ್ತಿನ ಕೇಂದ್ರ ಬ್ಯಾಂಕುಗಳೇ ಸಾಲಿನಲ್ಲಿ ನಿಂತಿವೆ!

ಆದರೂ ನನ್ನ ಮಾತು ಬದಲಾಗಲ್ಲ. ರಿಸರ್ವ್ ಬ್ಯಾಂಕಿಗೆ ಬೆಲೆ ಏರಿಕೆಯನ್ನು ಶೇ 4ರ ಆಸುಪಾಸಿನಲ್ಲಿ ಇಡುವ ಕೆಲಸವನ್ನು 2016ರಲ್ಲಿ ಕಾನೂನಾಗಿಯೇ ಕೊಟ್ಟರು. ಸುಂಕದ ಆಟಕ್ಕಿಂತ ಇದೇ ದೊಡ್ಡ ಚಿನ್ನ ನೀತಿ. ಠೇವಣಿ ಇಟ್ಟವರ ದುಡ್ಡು ಕರಗದೆ ಹತ್ತಿಪ್ಪತ್ತು ವರ್ಷ ಕಳೆಯಬೇಕು, ಆಗ ಜನ ಬ್ಯಾಂಕನ್ನು ನಂಬಿ ಚಿನ್ನ ಕಡಿಮೆ ಕೊಳ್ತಾರೆ. ನಂಬಿಕೆ ಒಂದು ಬಜೆಟ್‌ನಲ್ಲಿ ಬರಲ್ಲ.

ಪ್ರಶ್ನೆ (ಶಿವಮೊಗ್ಗ): ಸರ್ಕಾರದ ಗೋಲ್ಡ್ ಬಾಂಡ್ ನಿಲ್ಲಿಸಿಬಿಟ್ಟರು. ಚೆನ್ನಾಗಿತ್ತಲ್ಲ?

ಉತ್ತರ: ನಿಮಗೆ ಚೆನ್ನಾಗಿತ್ತು, ಅದಕ್ಕೇ ನಿಲ್ಲಿಸಿದರು. ಚಿನ್ನದ ಬದಲು ಸರ್ಕಾರದ ಪತ್ರ ಕೊಂಡು, ಅವಧಿ ಮುಗಿದಾಗ ಆಗಿನ ಚಿನ್ನದ ಬೆಲೆ ವಾಪಸ್ ಪಡೆಯುವ ಯೋಜನೆ ಅದು. 2015ರ ಮೊದಲ ಕಂತನ್ನು ಗ್ರಾಂಗೆ 2,684 ರೂಪಾಯಿಗೆ ಕೊಟ್ಟು, 2023ರಲ್ಲಿ 6,132 ರೂಪಾಯಿ ವಾಪಸ್ ಕೊಟ್ಟರು. ನಡುವೆ ಬಡ್ಡಿ ಬೇರೆ. ಚಿನ್ನವನ್ನೇ ಕೊಂಡಿಡದೆ ಚಿನ್ನದ ಬೆಲೆಗೆ ಮಾತು ಕೊಟ್ಟರೆ ಏರಿದ್ದೆಲ್ಲ ಬೊಕ್ಕಸದ ಮೇಲೆ ಬೀಳುತ್ತದೆ. 2024ರ ಫೆಬ್ರವರಿಯ ನಂತರ ಹೊಸ ಕಂತು ಬಂದಿಲ್ಲ.

ಪ್ರಶ್ನೆ (ರಾಯಚೂರು, ರೈತರು): ನಮಗೆ ರೇಟಿನ ಚಿಂತೆ ಇಲ್ರೀ ಮೇಡಂ. ಬಿತ್ತನೆಗೆ ಹೆಂಡತಿ ಬಂಗಾರ ಅಡ ಇಡ್ತೀವಿ, ಬೆಳೆ ಬಂದಮೇಲೆ ಬಿಡಿಸ್ತೀವಿ. ಹೊಸ ನಿಯಮ ಬಂದದೆ ಅಂತಾರೆ, ನಮಗೇನು ಲಾಭ?

ಉತ್ತರ: ಚಿನ್ನದ ನಿಜವಾದ ಉಪಯೋಗ ಏನು ಅನ್ನೋದನ್ನು ನೀವೇ ಹೇಳಿದ್ರಿ. ಇದು ಹೊಸದೂ ಅಲ್ಲ. 1930ರ ಆಸುಪಾಸಿನ ಮಹಾ ಕುಸಿತದಲ್ಲಿ ಬೆಳೆಯ ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಇಳಿಯಿತು. ಕಂದಾಯ, ಸಾಲದ ಬಡ್ಡಿ ಮಾತ್ರ ಹಾಗೇ ನಿಂತವು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ಪೌಂಡಿಗೂ ಚಿನ್ನಕ್ಕೂ ಇದ್ದ ನಂಟು ಕಡಿದುಕೊಂಡಿತು. ಪೌಂಡಿನ ಬೆಲೆ ಬಿತ್ತು. ರೂಪಾಯಿಯನ್ನು ಪೌಂಡಿಗೇ ಕಟ್ಟಿಹಾಕಿದ್ದರಿಂದ ಅದೂ ಬಿದ್ದು, ಇಲ್ಲಿ ಚಿನ್ನದ ಬೆಲೆ ಏರಿತು. ಹಳ್ಳಿ ಹಳ್ಳಿಯ ಒಡವೆ ಮಾರಾಟಕ್ಕೆ ಬಂದು, ಬೊಂಬಾಯಿಯಲ್ಲಿ ಹಡಗು ಹತ್ತಿ ಲಂಡನ್‌ಗೆ ಹೋಯಿತು. ರಫ್ತು ನಿಲ್ಲಿಸಿ ಅಂತ ಇಲ್ಲಿನ ವ್ಯಾಪಾರಿಗಳು ಕೂಗಿದರೂ ಬ್ರಿಟಿಷ್ ಸರ್ಕಾರ ಕೇಳಲಿಲ್ಲ, ಆ ಚಿನ್ನದಿಂದ ಪೌಂಡಿಗೆ ಬಲ ಬರುತ್ತಿತ್ತು. ಆಗ ರೈತರು ಮಾರಿದರು, ಹೋದದ್ದು ಹೋಯಿತು. ಅಡ ಇಟ್ಟರೆ ವಾಪಸ್ ಬರುತ್ತದೆ, ಅದಕ್ಕೇ ನಿಯಮ ಗಟ್ಟಿ ಇರಬೇಕು.

ರಿಸರ್ವ್ ಬ್ಯಾಂಕ್ 2025ರ ಜೂನ್‌ನಲ್ಲಿ ಹೊರಡಿಸಿದ ನಿಯಮ 2026ರ ಏಪ್ರಿಲ್ 1ರಿಂದ ಚಿನ್ನದ ಸಾಲ ಕೊಡುವ ಎಲ್ಲರಿಗೂ ಕಡ್ಡಾಯ. ಮನೆ ಖರ್ಚಿಗೆ ತೆಗೆಯುವ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಒಡವೆ ಬೆಲೆಯ ಶೇ 85ರಷ್ಟು ಕೊಡಬಹುದು, ಮೊದಲು 75 ಇತ್ತು. ವರ್ಷದ ಕೊನೆಗೆ ಅಸಲು, ಬಡ್ಡಿ ಒಟ್ಟಿಗೆ ಕಟ್ಟುವ ಸಾಲವಾದರೆ ಈ ಲೆಕ್ಕಕ್ಕೆ ಬಡ್ಡಿಯೂ ಸೇರುತ್ತದೆ, ಹಾಗಾಗಿ ಕೈಗೆ ಬರೋದು ಸ್ವಲ್ಪ ಕಡಿಮೆಯೇ. ನಿಮಗೆ ಇದಕ್ಕಿಂತ ಮುಖ್ಯವಾದದ್ದು ಬೇರೆ ಇದೆ. ಸಾಲ ಪೂರ್ತಿ ತೀರಿಸಿದ ಮೇಲೆ ಏಳು ಕೆಲಸದ ದಿನದೊಳಗೆ ಒಡವೆ ವಾಪಸ್ ಕೊಡಬೇಕು. ಸಾಲ ಕೊಟ್ಟವರಿಂದಲೇ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ. ಕಾಗದಪತ್ರ ನಿಮ್ಮ ಭಾಷೆಯಲ್ಲಿ ಕೇಳುವ ಹಕ್ಕೂ ಇದೆ. ತೂಕ, ಕ್ಯಾರೆಟ್, ಕಲ್ಲಿಗೆ ಎಷ್ಟು ಕಳೆದರು, ಇಷ್ಟೂ ಬರೆದ ಚೀಟಿಯನ್ನು ಕನ್ನಡದಲ್ಲಿ ಇಸ್ಕೊಳ್ಳಿ, ಓದದೆ ಸಹಿ ಹಾಕಬೇಡಿ. ತೂಗುವಾಗ ನಿಮ್ಮ ಮನೆಯವರನ್ನೂ ಜೊತೆಗೆ ಕರ್ಕೊಂಡು ಹೋಗಿ, ಒಡವೆ ಅವರದು.