ಪರೀಕ್ಷೆಯಲ್ಲಿ ಬರೆದದ್ದು ರೋಗಿಯ ಪಕ್ಕದಲ್ಲಿ ಏಕೆ ಹೊಳೆಯಲಿಲ್ಲ?

ಪ್ರಶ್ನೆ: ಮೂರನೆಯ ವರ್ಷದ ನರ್ಸಿಂಗ್ ವಿದ್ಯಾರ್ಥಿನಿ

ಹತ್ತು ದಿನಗಳಿಂದ ಇದೊಂದೇ ವಿಷಯ ತಲೆಯಲ್ಲಿ ಸುತ್ತುತ್ತಿದೆ. ವಾರ್ಡಿನಲ್ಲಿ ಕೆಲಸ ಮಾಡಿದವರು, ಪಾಠ ಹೇಳುವವರು ದಯವಿಟ್ಟು ಉತ್ತರಿಸಿ.

ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಅಂದು ನನಗೆ ವಹಿಸಿದ್ದ ರೋಗಿ ಐವತ್ತು ದಾಟಿದವರು, ತೂಕ 62 ಕಿಲೋ. ಬೆಳಿಗ್ಗೆಯಷ್ಟೇ ಹೊಟ್ಟೆಯ ಶಸ್ತ್ರಚಿಕಿತ್ಸೆ ಆಗಿತ್ತು. ಎರಡು ಗಂಟೆಗೆ ನೋಡಿದಾಗ ನಾಡಿ 84, ಉಸಿರು 16, ರಕ್ತದೊತ್ತಡ 138/82, ಆಮ್ಲಜನಕದ ಮಟ್ಟ ಶೇಕಡಾ 98. ಮೂರು ಗಂಟೆಗೆ ನಾಡಿ 96, ಉಸಿರು 20, ರಕ್ತದೊತ್ತಡ 126/80, ಆಮ್ಲಜನಕ 97. ನಾಲ್ಕಕ್ಕೆ ನಾಡಿ 112, ಉಸಿರು 22, ರಕ್ತದೊತ್ತಡ 118/84, ಆಮ್ಲಜನಕ 95. ಜ್ವರವಿರಲಿಲ್ಲ, ಮಾತು ಸ್ಪಷ್ಟವಾಗಿತ್ತು. ಆ ಎರಡು ಗಂಟೆಗಳಲ್ಲಿ ಮೂತ್ರದ ಚೀಲಕ್ಕೆ ಇಳಿದದ್ದು 35 ಮಿಲಿಲೀಟರ್. ಎಲ್ಲವನ್ನೂ ನಾನೇ ಅಳೆದೆ, ಚಾರ್ಟಿನಲ್ಲಿ ತಪ್ಪಿಲ್ಲದೆ ಬರೆದೆ. ರಕ್ತದೊತ್ತಡ ಸರಿಯಾಗಿದೆ, ಡ್ರೈನ್ (ಹೊಟ್ಟೆಯೊಳಗಿನ ದ್ರವವನ್ನು ಹೊರತರುವ ಕೊಳವೆ) ಬಾಟಲಿಯಲ್ಲೂ ಹೆಚ್ಚೇನಿಲ್ಲ ಎಂದು ಸಮಾಧಾನಪಟ್ಟೆ. ಅವರು ಬಾಯಾರಿಕೆ ಎನ್ನುತ್ತಿದ್ದರು, ಒಂದೇ ಕಡೆ ಮಲಗಲಾರದೆ ಚಡಪಡಿಸುತ್ತಿದ್ದರು. ನೋವಿರಬೇಕು ಎಂದುಕೊಂಡು ದಿಂಬು ಸರಿಪಡಿಸಿ, ತುಟಿ ಒದ್ದೆ ಮಾಡಿ ಪಕ್ಕದ ಹಾಸಿಗೆಗೆ ಹೋದೆ.

ಇಪ್ಪತ್ತು ನಿಮಿಷದ ನಂತರ ಹಿರಿಯ ನರ್ಸ್ ಒಬ್ಬರು ಆ ದಾರಿಯಲ್ಲಿ ಹೋಗುತ್ತಾ ರೋಗಿಯ ಕೈ ಮುಟ್ಟಿದರು, ತಣ್ಣಗಿತ್ತು. ಚಾರ್ಟಿನ ಮೇಲೊಮ್ಮೆ ಕಣ್ಣಾಡಿಸಿ ನೇರವಾಗಿ ಶಸ್ತ್ರಚಿಕಿತ್ಸಕರಿಗೆ ಕರೆ ಮಾಡಿದರು. ಹೊಟ್ಟೆಯೊಳಗೆ ರಕ್ತಸ್ರಾವವಾಗುತ್ತಿತ್ತು. ಅವರನ್ನು ಮತ್ತೆ ಶಸ್ತ್ರಚಿಕಿತ್ಸಾ ಕೊಠಡಿಗೆ ಕರೆದೊಯ್ದರು. ಬದುಕಿದರು, ಈಗ ಮನೆಗೂ ಹೋಗಿದ್ದಾರೆ.

ನನ್ನನ್ನು ಯಾರೂ ಬೈಯಲಿಲ್ಲ. ಆದರೆ ಎರಡು ತಿಂಗಳ ಹಿಂದೆ ರಕ್ತಸ್ರಾವದ ಆಘಾತದ (ರಕ್ತ ಹೋಗಿ ಅಂಗಗಳಿಗೆ ರಕ್ತ ಸಾಲದಾಗುವ ಸ್ಥಿತಿ) ಬಗ್ಗೆ ಮೂರು ಪುಟ ಬರೆದು ತರಗತಿಗೇ ಹೆಚ್ಚು ಅಂಕ ಪಡೆದವಳು ನಾನು. ಅಂದು ಬರೆದ ಒಂದೊಂದು ಲಕ್ಷಣವೂ ಆ ಹಾಸಿಗೆಯ ಮೇಲೆ ಇತ್ತು. ಪರೀಕ್ಷೆಯಲ್ಲಿ ಪ್ರಶ್ನೆ ಕೇಳಿದ್ದರು, ಉತ್ತರ ಬರೆದೆ. ವಾರ್ಡಿನಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ. ಕಲಿತದ್ದು ರೋಗಿಯ ಎದುರು ನಿಂತಾಗ ಎದ್ದು ಬರಬೇಕಾದರೆ ಏನು ಮಾಡಬೇಕು? ಇನ್ನಷ್ಟು ಓದಬೇಕೇ?

ಉತ್ತರ 1: ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್, ಹದಿನೆಂಟು ವರ್ಷದ ಸೇವೆ

ಇನ್ನಷ್ಟು ಓದುವುದರಿಂದ ಇದು ಸರಿಹೋಗುವುದಿಲ್ಲ, ತಂಗಿ. ಓದಿದ್ದು ನಿಮ್ಮಲ್ಲಿ ಸಾಕಷ್ಟಿದೆ. ನೀವು ಬರೆದ ಅಂಕಿಗಳನ್ನೇ ಒಟ್ಟಿಗೆ ನೋಡೋಣ, ಏಕೆಂದರೆ ಅವುಗಳಲ್ಲಿ ಎಲ್ಲವೂ ಇದೆ.

ರಕ್ತದೊತ್ತಡ ಸರಿಯಾಗಿದೆ ಎಂದಿರಿ. 118 ಎಂಬುದನ್ನು ಒಂಟಿಯಾಗಿ ನೋಡಿದರೆ ಹೌದು. ಆದರೆ ಎರಡು ಗಂಟೆಯ ಹಿಂದೆ ಅದೇ ಮನುಷ್ಯನಲ್ಲಿ ಅದು 138 ಇತ್ತು. ಇನ್ನು ಮೇಲಿನ ಅಂಕಿಯಿಂದ ಕೆಳಗಿನದನ್ನು ಕಳೆದು ನೋಡಿ: ಮೊದಲು 56, ಆಮೇಲೆ 46, ಕೊನೆಗೆ 34. ಕೆಳಗಿನ ಅಂಕಿ ಇಳಿಯಲಿಲ್ಲ, 84ಕ್ಕೆ ಏರಿತು. ಅದು ದೇಹದ ಹೋರಾಟ. ರಕ್ತ ಕಡಿಮೆಯಾದಾಗ ದೇಹವು ಚರ್ಮದ, ಕೈಕಾಲುಗಳ ರಕ್ತನಾಳಗಳನ್ನು ಬಿಗಿಹಿಡಿದು ಮಿದುಳಿಗೆ, ಹೃದಯಕ್ಕೆ ರಕ್ತ ಉಳಿಸುತ್ತದೆ. ಕೈ ತಣ್ಣಗಾದದ್ದು ಅದರಿಂದಲೇ. ಮೂತ್ರಪಿಂಡಕ್ಕೆ ಹೋಗುವ ರಕ್ತವೂ ತಗ್ಗುತ್ತದೆ. ಕಿಲೋ ಒಂದಕ್ಕೆ ಗಂಟೆಗೆ ಅರ್ಧ ಮಿಲಿಲೀಟರ್ ಎಂದರೆ ಅವರಿಗೆ ಎರಡು ಗಂಟೆಯಲ್ಲಿ ಕನಿಷ್ಠ 62 ಬರಬೇಕಿತ್ತು, ಬಂದದ್ದು 35. ವಯಸ್ಕರ ದೇಹವು ಸುಮಾರು ಮೂರನೆಯ ಒಂದು ಭಾಗ ರಕ್ತ ಹೋಗುವವರೆಗೂ ರಕ್ತದೊತ್ತಡವನ್ನು ಹೇಗೋ ಹಿಡಿದಿಡಬಲ್ಲದು. ಅದು ಬೀಳುವುದನ್ನು ಕಾಯುತ್ತಾ ಕುಳಿತವರು ತಡವಾಗಿ ಎಚ್ಚರಗೊಳ್ಳುತ್ತಾರೆ.

ಡ್ರೈನ್ ಖಾಲಿ ಇದ್ದದ್ದರಿಂದ ಧೈರ್ಯ ತಂದುಕೊಂಡಿರಿ. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನೂ ಹಾಗೆಯೇ ನಂಬಿದ್ದೆ. ರಕ್ತ ಹೆಪ್ಪುಗಟ್ಟಿ ಕೊಳವೆ ಮುಚ್ಚಿಕೊಂಡಿರಬಹುದು. ಡ್ರೈನಿನಲ್ಲಿ ರಕ್ತ ಕಂಡರೆ ಅದು ಸುದ್ದಿ. ಕಾಣದಿದ್ದರೆ ಅದರಿಂದ ಏನನ್ನೂ ತೀರ್ಮಾನಿಸಬೇಡಿ.

ನಾನು ಮಾಡುವುದು ಇಷ್ಟು. ರೋಗಿಯ ಬಳಿಗೆ ಹೋಗುವ ಮೊದಲೇ ಒಂದು ಸಾಲು ಬರೆದುಕೊಳ್ಳುತ್ತೇನೆ: ಇವರಿಗೆ ಇಂದು ಕೆಡುಕಾಗುವುದಾದರೆ ಯಾವುದರಿಂದ ಆಗಬಹುದು, ಹಾಗೆ ಆದಾಗ ನನಗೆ ಮೊದಲು ಏನು ಕಾಣುತ್ತದೆ? ಹೊಟ್ಟೆಯ ಶಸ್ತ್ರಚಿಕಿತ್ಸೆಯ ಮೊದಲ ದಿನ ನನ್ನ ಉತ್ತರ ಸದಾ ರಕ್ತಸ್ರಾವ. ಮೊದಲು ಕಾಣುವುದು ನಾಡಿ, ಚಡಪಡಿಕೆ, ತಣ್ಣನೆಯ ಕೈ. ಆ ಸಾಲು ಜೇಬಿನಲ್ಲಿದ್ದರೆ ನಾಡಿ 96 ಆದಾಗಲೇ ಕಾಲು ನಿಲ್ಲುತ್ತದೆ. ವಾರ್ಡಿನಲ್ಲಿ ಯಾರೂ ಪ್ರಶ್ನೆ ಕೇಳಲಿಲ್ಲ ಎಂದು ಬರೆದಿದ್ದೀರಿ. ಆ ಪ್ರಶ್ನೆಯನ್ನು ನೀವೇ ಕೈಯಲ್ಲಿ ಹಿಡಿದು ಹೋಗಬೇಕು. ಒಂದು ಎಚ್ಚರಿಕೆ ಮಾತ್ರ: ರೋಗಿ ಹೃದಯ ಬಡಿತವನ್ನು ನಿಧಾನಗೊಳಿಸುವ ಬೀಟಾ ಬ್ಲಾಕರ್ ಮಾತ್ರೆ ಸೇವಿಸುವವರಾದರೆ ರಕ್ತ ಹೋಗುತ್ತಿದ್ದರೂ ನಾಡಿ ಏರದೆ ಇರಬಹುದು. ಮಾತ್ರೆಗಳ ಪಟ್ಟಿಯನ್ನು ಓದದೆ ನಾಡಿಯನ್ನು ಓದಬೇಡಿ.

ಉತ್ತರ 2: ನರ್ಸಿಂಗ್ ಬೋಧಕಿ

ಇದರಲ್ಲಿ ನಮ್ಮ ತಪ್ಪಿದೆ, ಅದನ್ನು ಮೊದಲು ಹೇಳುತ್ತೇನೆ. ತರಗತಿಯಲ್ಲಿ ನಾವು ರೋಗದ ಹೆಸರನ್ನು ಕಪ್ಪುಹಲಗೆಯ ಮೇಲೆ ಬರೆದು ಲಕ್ಷಣಗಳ ಕಡೆಗೆ ಇಳಿಯುತ್ತೇವೆ. ವಾರ್ಡಿನಲ್ಲಿ ಲಕ್ಷಣಗಳು ಮೊದಲು ಬರುತ್ತವೆ, ಹೆಸರು ಕೊನೆಗೆ. ಒಂದೇ ದಿಕ್ಕಿನಲ್ಲಿ ನಡೆದ ದಾರಿಯಲ್ಲಿ ಹಿಂದಕ್ಕೆ ಬರುವಾಗ ಯಾರಿಗಾದರೂ ಗುರುತು ತಪ್ಪುತ್ತದೆ.

2006ರಲ್ಲಿ ಅಮೆರಿಕದ ನರ್ಸಿಂಗ್ ವಿದ್ವಾಂಸೆ ಕ್ರಿಸ್ಟೀನ್ ಟ್ಯಾನರ್ ನರ್ಸ್‌ಗಳ ವಿವೇಚನೆಯನ್ನು ನಾಲ್ಕಾಗಿ ಬಿಡಿಸಿ ತೋರಿಸಿದರು: ಗಮನಿಸುವುದು, ಅರ್ಥೈಸುವುದು, ಸ್ಪಂದಿಸುವುದು, ಆಮೇಲೆ ಮರಳಿ ಆಲೋಚಿಸುವುದು. ನಿಮ್ಮ ಘಟನೆಯಲ್ಲಿ ಗಮನಿಸುವಿಕೆಯಲ್ಲಿ ಲೋಪವಿಲ್ಲ. ಚಡಪಡಿಕೆಯನ್ನೂ ಬಾಯಾರಿಕೆಯನ್ನೂ ನೀವು ಕಂಡಿದ್ದೀರಿ. ಎಡವಿದ್ದು ಎರಡನೆಯದರಲ್ಲಿ. ನೋವು ಎಂಬ ಮೊದಲ ಅರ್ಥ ಸಿಕ್ಕಿದ ಕೂಡಲೇ ಹುಡುಕಾಟ ನಿಂತಿತು. ನಾಡಿ ಏರಲು ನೋವು, ಜ್ವರ, ರಕ್ತಸ್ರಾವ, ದ್ರವದ ಕೊರತೆ, ಶ್ವಾಸಕೋಶಕ್ಕೆ ಹೋದ ಹೆಪ್ಪು, ಆತಂಕ ಯಾವುದೂ ಕಾರಣವಾಗಬಹುದು. ಮೂತ್ರ ಕಡಿಮೆಯಾಗಲು ಮಡಿಚಿಕೊಂಡ ಕ್ಯಾತಿಟರ್ (ಮೂತ್ರ ಇಳಿಯುವ ಕೊಳವೆ) ಕೂಡ ಕಾರಣವಾದೀತು. ಕನಿಷ್ಠ ಮೂರು ಕಾರಣಗಳನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಒಂದೊಂದನ್ನೂ ಹಾಸಿಗೆಯ ಪಕ್ಕದಲ್ಲೇ ಪರೀಕ್ಷಿಸಿ: ನೋವು ಎಷ್ಟು ಎಂದು ಅವರನ್ನೇ ಕೇಳಿ, ಕೊಳವೆಯನ್ನು ಕೈಯಿಂದ ಸವರಿ ನೋಡಿ, ಪಾದ ಮುಟ್ಟಿ, ಹೊಟ್ಟೆ ಬಿಗಿದಿದೆಯೇ ನೋಡಿ. ಎರಡು ನಿಮಿಷ ಸಾಕು.

ನಾನು ಈಗ ಪಾಠದ ಕ್ರಮವನ್ನೇ ಬದಲಿಸಿದ್ದೇನೆ. ರೋಗದ ಹೆಸರಿಲ್ಲದ ಚಾರ್ಟನ್ನು ಗಂಟೆ ಗಂಟೆಯಂತೆ ಒಂದೊಂದೇ ಸಾಲು ತೆರೆಯುತ್ತೇನೆ. ಪ್ರತಿ ಸಾಲಿಗೂ ಒಬ್ಬರು ಗಟ್ಟಿಯಾಗಿ ಯೋಚಿಸಬೇಕು: ಏನು ಬದಲಾಯಿತು, ಏನಿರಬಹುದು, ಈಗ ಏನು ನೋಡುತ್ತೀರಿ, ಯಾರಿಗೆ ಹೇಳುತ್ತೀರಿ. ತಪ್ಪು ಉತ್ತರ ಬಂದಾಗಲೇ ಪಾಠ ಹೆಚ್ಚು ಚೆನ್ನಾಗಿ ನಡೆಯುತ್ತದೆ. ಪುಸ್ತಕದಿಂದ ನಕಲು ಮಾಡಿದ ಆರೈಕೆ ಯೋಜನೆಯನ್ನು ನಾನು ಓದದೆ ಹಿಂದಿರುಗಿಸುತ್ತೇನೆ. ಈ ರೋಗಿಯ ಅಂಕಿ ಇಲ್ಲದ ಯೋಜನೆ ಈ ರೋಗಿಯದ್ದಲ್ಲ.

ಉತ್ತರ 3: ಕೆಲಸಕ್ಕೆ ಸೇರಿ ಎಂಟು ತಿಂಗಳಾದ ನರ್ಸ್

ಮೇಲಿನ ಇಬ್ಬರೂ ಅರ್ಥ ಮಾಡಿಕೊಳ್ಳುವುದರ ಬಗ್ಗೆ ಹೇಳಿದ್ದಾರೆ. ನನಗೆ ಅರ್ಥವಾಗುವ ಮೊದಲೇ ಹೇಳುವ ಧೈರ್ಯ ಬೇಕಿತ್ತು. ಏನೋ ಸರಿಯಿಲ್ಲ ಎನಿಸಿದರೂ ಕಾರಣ ತಿಳಿಯದೆ ಹಿರಿಯರನ್ನು ಹೇಗೆ ಕರೆಯುವುದು ಎಂದು ಹಿಂಜರಿಯುತ್ತಿದ್ದೆ. ಬ್ರಿಟನ್ನಿನ ನ್ಯೂಸ್ 2 (NEWS2) ಅಂಕಪಟ್ಟಿಯಿಂದ ಆ ಹಿಂಜರಿಕೆ ಹೋಯಿತು. ನಾಡಿ, ಉಸಿರು ಮುಂತಾದವು ಸಹಜ ಮಟ್ಟದಿಂದ ದೂರವಾದಷ್ಟೂ ಅದರಲ್ಲಿ ಹೆಚ್ಚು ಅಂಕ. ನಿಮ್ಮ ನಾಲ್ಕು ಗಂಟೆಯ ದಾಖಲೆಗೆ ಹಾಕಿ ನೋಡಿದೆ: ನಾಡಿ 112ಕ್ಕೆ 2, ಉಸಿರು 22ಕ್ಕೆ 2, ಆಮ್ಲಜನಕ 95ಕ್ಕೆ 1, ಉಳಿದವಕ್ಕೆ ಸೊನ್ನೆ. ಒಟ್ಟು 5. ಐದಾದರೆ ತುರ್ತಾಗಿ ಹಿರಿಯರನ್ನು ಕರೆಯಬೇಕು ಎಂಬುದೇ ಅದರ ನಿಯಮ. ಮೂರು ಗಂಟೆಗೆ ಅದೇ ಮೊತ್ತ 1 ಇತ್ತು. ರೋಗ ಯಾವುದೆಂದು ತಿಳಿಯದಿದ್ದರೂ ಒಂದರಿಂದ ಐದಕ್ಕೆ ಏರಿದೆ ಎಂದು ಯಾರಿಗಾದರೂ ಹೇಳಬಹುದು. ಇನ್ನೊಂದು ಮಾತು, ಉಸಿರನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಅಂದಾಜಿನಲ್ಲಿ 20 ಎಂದು ಬರೆದಿದ್ದರೆ ಈ ಮೊತ್ತ 3ರಲ್ಲೇ ನಿಲ್ಲುತ್ತಿತ್ತು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ, ಆರು ದಿನಗಳ ನಂತರ

ಮೂವರಿಗೂ ಹೃದಯಪೂರ್ವಕ ಧನ್ಯವಾದ. ಜೇಬಿನ ಸಾಲನ್ನು ಅಂದಿನಿಂದಲೇ ಆರಂಭಿಸಿದೆ. ನಿನ್ನೆ ಹೃದಯ ವೈಫಲ್ಯದ ಒಬ್ಬ ಅಜ್ಜಿ ನನಗೆ ಸಿಕ್ಕರು. ಹೃದಯಕ್ಕೆ ಡಿಗಾಕ್ಸಿನ್, ಮೂತ್ರ ಹೆಚ್ಚಿಸಲು ಫ್ಯುರೋಸೆಮೈಡ್ ನಡೆಯುತ್ತಿತ್ತು. ನಾನು ಬರೆದ ಸಾಲು: ಮೂತ್ರದ ಮಾತ್ರೆಯಿಂದ ಪೊಟ್ಯಾಸಿಯಂ ಇಳಿದರೆ ಡಿಗಾಕ್ಸಿನ್ ವಿಷವಾಗಬಹುದು, ಮೊದಲು ಕಾಣುವುದು ಹಸಿವಿಲ್ಲದಿರುವುದು, ವಾಕರಿಕೆ, ನಿಧಾನ ನಾಡಿ.

ಬೆಳಿಗ್ಗೆ ಅವರು ತಟ್ಟೆಯನ್ನು ಹಾಗೆಯೇ ಪಕ್ಕಕ್ಕಿಟ್ಟಿದ್ದರು, ವಾಸನೆಯೇ ಬೇಡವೆಂದರು. ಒಂದು ತಿಂಗಳ ಹಿಂದೆಯಾಗಿದ್ದರೆ ಪೋಷಣೆಯ ಕೊರತೆ ಎಂದು ಬರೆದು ಮುಗಿಸುತ್ತಿದ್ದೆ. ಎದೆಯ ಮೇಲೆ ಸ್ಟೆತಾಸ್ಕೋಪ್ ಇಟ್ಟು ಪೂರ್ತಿ ಒಂದು ನಿಮಿಷ ಎಣಿಸಿದೆ: 54, ಲಯ ತಪ್ಪುತ್ತಿತ್ತು. ಹಿಂದಿನ ದಿನ 72 ಇತ್ತು. ವರದಿ ಹುಡುಕಿದೆ, ಪೊಟ್ಯಾಸಿಯಂ 3.1ಕ್ಕೆ ಇಳಿದಿತ್ತು. ಡಿಗಾಕ್ಸಿನ್ ಮಾತ್ರೆ ಇನ್ನೂ ಕೊಟ್ಟಿರಲಿಲ್ಲ. ಕೈ ನಡುಗುತ್ತಿದ್ದರೂ ನರ್ಸ್ ಬಳಿ ಹೋಗಿ ಅಂಕಿಗಳನ್ನು ಕ್ರಮವಾಗಿ ಹೇಳಿದೆ, ಮಾತ್ರೆಯನ್ನು ತಡೆಹಿಡಿಯಬಹುದೇ ಎಂದು ಕೇಳಿದೆ. ಅವರು ಬಂದು ತಾವೂ ಎಣಿಸಿ ಮಾತ್ರೆಯನ್ನು ನಿಲ್ಲಿಸಿದರು. ವೈದ್ಯರು ಇಸಿಜಿ ತೆಗೆಸಿದರು, ರಕ್ತದಲ್ಲಿನ ಡಿಗಾಕ್ಸಿನ್ ಮಟ್ಟವನ್ನು ಪರೀಕ್ಷೆಗೆ ಕಳುಹಿಸಿದರು.

ಒಂದು ಕಷ್ಟ ಉಳಿದಿದೆ. ಒಬ್ಬರಿಗೇ ನನಗೆ ಇಪ್ಪತ್ತೈದು ನಿಮಿಷ ಹಿಡಿಯುತ್ತದೆ. ಮುಂದೆ ಆರು ಜನರನ್ನು ನೋಡಿಕೊಳ್ಳುವಾಗ ಏನು ಮಾಡಲಿ?

ಉತ್ತರ 4: ಶಸ್ತ್ರಚಿಕಿತ್ಸಾ ವಾರ್ಡಿನ ನರ್ಸ್

ಅಜ್ಜಿಯ ವಿಷಯ ಓದಿ ಕಣ್ಣು ತುಂಬಿತು. ಆರು ಜನರಿದ್ದಾಗ ಆರು ಸಾಲು ಬರೆಯಿರಿ, ಆದರೆ ಹಾಸಿಗೆಯ ಸಂಖ್ಯೆಯ ಕ್ರಮದಲ್ಲಿ ಹೊರಡಬೇಡಿ. ಡ್ಯೂಟಿ ಹಸ್ತಾಂತರವಾಗುವಾಗ ಹಿಂದಿನ ಪಾಳಿಗಿಂತ ಯಾರ ಅಂಕಿ ಹೆಚ್ಚು ಬದಲಾಗಿದೆ ಎಂದು ಕೇಳಿ, ಮೊದಲು ಅವರ ಬಳಿಗೆ ಹೋಗಿ. ಉಳಿದ ಐವರ ಬಳಿ ಮೊದಲ ಸುತ್ತಿನಲ್ಲಿ ಅರ್ಧ ನಿಮಿಷ ನಿಂತು, ಕೈ ಮುಟ್ಟಿ, ಹೆಸರು ಹಿಡಿದು ಮಾತನಾಡಿಸಿ ಬನ್ನಿ. ಇಪ್ಪತ್ತೈದು ನಿಮಿಷ ವರ್ಷದೊಳಗೆ ಹತ್ತಕ್ಕೆ ಇಳಿಯುತ್ತದೆ, ನನಗೂ ಹಾಗೆಯೇ ಇಳಿಯಿತು. ಡಿಗಾಕ್ಸಿನ್ ಮಟ್ಟದ ವರದಿ ಬಂದಾಗ ಇಲ್ಲಿ ಬರೆಯಿರಿ.